ಮಂಪರಿನಲ್ಲಿ ಮೂಡುವ ಹೊಳಹು

ಹಗಲಲ್ಲಿ ಕಣ್ಣು ಮುಚ್ಚಿ ಒರಗಿದಾಗ ಮೊದಲು ಕವಿಯುವುದು ಮಂಪರು. ನಿದ್ರಾವಿಜ್ಞಾನದಲ್ಲಿ ಈ ಘಟ್ಟಕ್ಕೆ ಎನ್‌1 ಎಂದು ಹೆಸರು. ಸ್ನಾಯುಗಳು ಸಡಿಲಗೊಳ್ಳುತ್ತವೆ, ಮಿದುಳಿನ ಆಲ್ಫಾ ತರಂಗಗಳು ಅಡಗಿ ಇನ್ನೂ ನಿಧಾನವಾದ ತರಂಗಗಳು ಕಾಣಿಸಿಕೊಳ್ಳುತ್ತವೆ, ಒಂದಕ್ಕೊಂದು ಸಂಬಂಧವಿಲ್ಲದ ಚಿತ್ರಗಳು ಸುಳಿಯುತ್ತವೆ. ಕೆಲವು ನಿಮಿಷಗಳಲ್ಲಿ ನಿದ್ದೆ ಎನ್‌2 ಘಟ್ಟಕ್ಕಿಳಿಯುತ್ತದೆ. ಇನ್ನೂ ಮುಂದುವರಿದರೆ ಗಾಢ ನಿದ್ದೆ.

ಮಂಪರಿನ ಈ ಗಳಿಗೆಯನ್ನು ಬಳಸಿಕೊಳ್ಳುವ ಉಪಾಯವನ್ನು ಚಿತ್ರಕಾರ ಸಾಲ್ವಡಾರ್ ಡಾಲಿ 1948ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು. ಬೆರಳುಗಳ ನಡುವೆ ಭಾರವಾದ ಕೀಲಿಕೈ ಹಿಡಿದು ಕುರ್ಚಿಯಲ್ಲಿ ಒರಗಬೇಕು. ಕೆಳಗೆ ತಟ್ಟೆಯೊಂದನ್ನು ಬೋರಲು ಹಾಕಿರಬೇಕು. ಜೋಂಪು ಹತ್ತುತ್ತಲೇ ಕೀಲಿಕೈ ಜಾರಿ ಬಿದ್ದು ಸದ್ದಾಗುತ್ತದೆ, ಎಚ್ಚರವಾಗುತ್ತದೆ.

ಪ್ಯಾರಿಸ್ಸಿನ ಮಿದುಳು ಸಂಶೋಧನಾ ಸಂಸ್ಥೆಯ ಡೆಲ್ಫೀನ್ ಊಡಿಯೆಟ್ ಅವರ ತಂಡ 2021ರಲ್ಲಿ ಪ್ರಕಟಿಸಿದ ಪ್ರಯೋಗ ಈ ಉಪಾಯವನ್ನೇ ಒರೆಗೆ ಹಚ್ಚಿತು. 103 ಮಂದಿಗೆ ಅಂಕಿಗಳ ಲೆಕ್ಕಗಳನ್ನು ಕೊಡಲಾಯಿತು. ಪ್ರತಿ ಲೆಕ್ಕವನ್ನೂ ಹಂತಹಂತವಾಗಿ ಬಿಡಿಸಬೇಕು. ಆದರೆ ಎರಡನೆಯ ಹಂತದ ಉತ್ತರವೇ ಕೊನೆಯ ಉತ್ತರವೂ ಆಗಿರುತ್ತಿತ್ತು. ಆ ಗುಟ್ಟನ್ನು ಯಾರಿಗೂ ಹೇಳಿರಲಿಲ್ಲ. ನಡುವೆ 20 ನಿಮಿಷ, ಕತ್ತಲ ಕೋಣೆಯಲ್ಲಿ, ಕೈಯಲ್ಲೊಂದು ವಸ್ತು ಹಿಡಿದು ವಿಶ್ರಾಂತಿ. ಎಚ್ಚರವಾಗಿಯೇ ಉಳಿದವರಲ್ಲಿ ಶೇ. 30ರಷ್ಟು ಜನ ಆಮೇಲೆ ಗುಟ್ಟನ್ನು ಕಂಡುಕೊಂಡರು. ಕನಿಷ್ಠ 15 ಸೆಕೆಂಡು ಮಂಪರಿನಲ್ಲಿದ್ದವರಲ್ಲಿ ಶೇ. 83ರಷ್ಟು! ಎನ್‌2ಗೆ ಜಾರಿದವರಲ್ಲಿ ಕೇವಲ ಶೇ. 14. ಹೊಳಹು ಕಣ್ಣು ತೆರೆದ ಕೂಡಲೇ ಮಿಂಚಲಿಲ್ಲ ಎಂಬುದು ಗಮನಾರ್ಹ: ಮತ್ತೆ ಹತ್ತಾರು ಲೆಕ್ಕ ಬಿಡಿಸಿದ ಮೇಲೆ ಅದು ಬಂತು.

ಮಂಪರಿನ ದಿಕ್ಕನ್ನು ಹೊರಗಿನಿಂದ ತಿರುಗಿಸಲೂ ಸಾಧ್ಯ. ಅಮೆರಿಕದ ಎಂಐಟಿಯಲ್ಲಿ ರೂಪುಗೊಂಡ ‘ಡಾರ್ಮಿಯೊ’ ಎಂಬ ಕೈಗವಸಿನಂಥ ಸಾಧನ ನಿದ್ದೆ ಹತ್ತುವುದನ್ನು ಗುರುತಿಸಿ, ‘ಮರದ ಬಗ್ಗೆ ಯೋಚಿಸಿ’ ಎಂದು ಸೂಚಿಸುತ್ತದೆ. 2023ರ ಅಧ್ಯಯನದಲ್ಲಿ, ಹೀಗೆ ಮರದ ಕನಸು ಕಂಡವರು ಮರವನ್ನು ಕುರಿತ ಕಥೆ ಕಟ್ಟುವಂಥ ಪರೀಕ್ಷೆಗಳಲ್ಲಿ, ಸೂಚನೆಯಿಲ್ಲದೆ ಮಲಗಿದವರಿಗಿಂತ ಶೇ. 43ರಷ್ಟು ಹೆಚ್ಚು ಸೃಜನಶೀಲತೆ ತೋರಿದರು.

ಹಾಗೆಂದು ಎನ್‌2 ನಿಷ್ಪ್ರಯೋಜಕ ಎನ್ನುವಂತಿಲ್ಲ. ಹ್ಯಾಂಬರ್ಗ್‌ನ ಸಂಶೋಧಕರು 2025ರಲ್ಲಿ 90 ಮಂದಿಗೆ ಬೇರೊಂದು ಬಗೆಯ ಒಗಟು ಕೊಟ್ಟರು: ಪರದೆಯ ಮೇಲೆ ಚಲಿಸುವ ಚುಕ್ಕಿಗಳ ದಿಕ್ಕನ್ನು ಗುರುತಿಸುವುದು. ಚುಕ್ಕಿಗಳ ಬಣ್ಣವೇ ಉತ್ತರ ಸೂಚಿಸುತ್ತದೆ ಎಂಬುದು ಅಲ್ಲಿನ ಗುಟ್ಟು. ಇಲ್ಲಿ ಫಲಿತಾಂಶ ತಿರುಗಿಬಿತ್ತು. ಎನ್‌2 ತಲುಪಿದವರಲ್ಲಿ ಸುಮಾರು ಶೇ. 86, ಮಂಪರಿನವರಲ್ಲಿ ಶೇ. 64, ಎಚ್ಚರವಿದ್ದವರಲ್ಲಿ ಶೇ. 55 ಮಂದಿಗೆ ಗುಟ್ಟು ಹೊಳೆಯಿತು. ಎಚ್ಚರವಾಗಿದ್ದಾಗ ಬಲಗೊಂಡ ನರಕೋಶಗಳ ಸಂಪರ್ಕಗಳು ನಿದ್ದೆಯಲ್ಲಿ ತುಸು ಸಡಿಲಗೊಂಡು, ಅನಗತ್ಯ ವಿವರ ಕಳಚಿಹೋಗುವುದು ಇದಕ್ಕೆ ಕಾರಣವಿರಬಹುದು. ಎಚ್ಚರದ ವಿಶ್ರಾಂತಿಗಿಂತ ಮಂಪರು ಸ್ಪಷ್ಟವಾಗಿ ಮೇಲಾದದ್ದು ಪ್ಯಾರಿಸ್ಸಿನ ಪ್ರಯೋಗದಲ್ಲಿ ಮಾತ್ರ; ಹ್ಯಾಂಬರ್ಗ್‌ನಲ್ಲಿ ಆ ವ್ಯತ್ಯಾಸ ಖಚಿತವೆನ್ನುವಷ್ಟು ದೊಡ್ಡದಾಗಿರಲಿಲ್ಲ. ಎನ್‌2 ಮೊದಲನೆಯದರಲ್ಲಿ ಸೋತು ಎರಡನೆಯದರಲ್ಲಿ ಗೆದ್ದಿತು. ಆದ್ದರಿಂದ ನಿದ್ದೆಯ ಆಳದಷ್ಟೇ ಒಗಟಿನ ಬಗೆಯೂ ಮುಖ್ಯ.

ಗಾಢ ನಿದ್ದೆಯ ನಡುವೆ ಎದ್ದರೆ ಮಾತ್ರ ತಲೆ ಭಾರವಾಗಿ, ಯೋಚನೆ ಸ್ವಲ್ಪ ಹೊತ್ತು ಮಂದವಾಗಿರುತ್ತದೆ. ಹಗಲು ನಿದ್ದೆಗೆ ಸಾಮಾನ್ಯವಾಗಿ 20 ನಿಮಿಷದ ಮಿತಿ ಹೇಳುವುದು ಈ ಕಾರಣಕ್ಕೆ.