ಬಿಲ್ಲೆಯಿಂದ ಸೆನ್ಸರ್‌ವರೆಗೆ: ಸೈಕಲ್ ಕಾಯುವ ಕತೆ

ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಗೆ ಹೊರಟ ಬಸ್ಸಿಗೆ ಸ್ವಲ್ಪ ಹೊತ್ತಿನಲ್ಲೇ ಗಾಜನೂರು ಸಿಗುತ್ತದೆ. ತುಂಗಾ ಅಣೆಕಟ್ಟೆಯ ಊರು, ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯದ ಊರು, ಸಕ್ರೆಬೈಲಿನ ಆನೆ ಬಿಡಾರಕ್ಕೆ ಹೋಗುವವರು ಹಾದುಹೋಗುವ ಊರು. ಹೆದ್ದಾರಿ ಬದಿಯ ಇಂಥ ಊರುಗಳಲ್ಲಿ ಮನೆಯಿಂದ ಬಸ್ ನಿಲ್ದಾಣಕ್ಕೆ, ಶಾಲೆಗೆ, ತೋಟಕ್ಕೆ ಹೋಗಲು ಇಂದಿಗೂ ಸೈಕಲ್ ಬೇಕು. ಅದು ಕಳುವಾದ ಮರುದಿನದಿಂದ ಮಕ್ಕಳು ನಡೆಯಬೇಕು, ಕೂಲಿಗೆ ಹೋಗುವವರು ಇನ್ನೂ ಬೇಗ ಏಳಬೇಕು.

ಆದರೆ ಕಾನೂನಿನ ಕಣ್ಣಿನಲ್ಲಿ ಇದು ಸಣ್ಣ ಕಳವು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು ಮೊದಲ ಸಲ ಶಿಕ್ಷೆಗೆ ಒಳಗಾಗುವವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಿಗುವುದು ಸಮುದಾಯ ಸೇವೆಯ ಶಿಕ್ಷೆ. ಇಂಥ ಕಳವನ್ನು ಅಸಂಜ್ಞೇಯ ಅಪರಾಧಗಳ ಪಟ್ಟಿಗೆ ಸೇರಿಸಲಾಗಿದೆ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಆರಂಭಿಸುವಂತಿಲ್ಲ. ಹಳ್ಳಿಯಲ್ಲಿ ಓಡಾಡುವ ಹಳೆಯ ಸೈಕಲ್ಲುಗಳಲ್ಲಿ ಬಹುಪಾಲು ಈ ಗೆರೆಯ ಕೆಳಗೇ ಬರುತ್ತವೆ. ಕಳುವಾದ ಮೇಲೆ ಹುಡುಕುವುದಕ್ಕಿಂತ ಕಳುವಾಗದಂತೆ ನೋಡಿಕೊಳ್ಳುವ ಹೊಣೆ ಊರಿನ ಮೇಲೇ ಬೀಳುತ್ತದೆ.

ಆ ಹೊಣೆಯನ್ನು ಹಿಂದಿನವರೂ ಹೊತ್ತಿದ್ದರು. ಪುರಸಭೆಗಳು ಸೈಕಲ್ಲಿಗೆ ತೆರಿಗೆ ಕಟ್ಟಿಸಿಕೊಂಡು ನಂಬರಿದ್ದ ಲೋಹದ ಬಿಲ್ಲೆ ಕೊಡುತ್ತಿದ್ದ ಕಾಲವಿತ್ತು. ತೆರಿಗೆ ವಸೂಲಿಗೆಂದು ಬಂದ ಬಿಲ್ಲೆಯಿಂದ ಪ್ರತಿ ಸೈಕಲ್ಲಿಗೂ ಒಂದು ಗುರುತು ಸಿಕ್ಕಿತು. ಸಿನಿಮಾ ಟಾಕೀಸು, ರೈಲ್ವೆ ನಿಲ್ದಾಣ, ಕಾರ್ಖಾನೆಯ ಗೇಟುಗಳ ಬಳಿಯ ಸೈಕಲ್ ಸ್ಟ್ಯಾಂಡಿನಲ್ಲಿ ಟೋಕನ್ ತೋರಿಸದೆ ಸೈಕಲ್ ಹೊರಗೆ ಬರುತ್ತಿರಲಿಲ್ಲ. ಗುರುತು ಹೇಳುವ ಒಂದು ನಂಬರು, ಕಾಯುವ ಒಬ್ಬ ಮನುಷ್ಯ: ಇಷ್ಟೇ ಆ ವ್ಯವಸ್ಥೆ.

ಇವೆರಡೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಯುರೋಪ್ ನೋಡಿತು. 1965ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಪ್ರೋವೋ’ ಚಳವಳಿಯ ಯುವಕರು ಸೈಕಲ್ಲುಗಳಿಗೆ ಬಿಳಿ ಬಣ್ಣ ಬಳಿದು, ಬೀಗ ಹಾಕದೆ, ಯಾರು ಬೇಕಾದರೂ ಬಳಸಲಿ ಎಂದು ಬೀದಿಗೆ ಬಿಟ್ಟರು. ಬೀಗವಿಲ್ಲದ ಸೈಕಲ್ ಬೀದಿಯಲ್ಲಿ ಬಿಡುವಂತಿಲ್ಲ ಎಂದು ಪೊಲೀಸರು ಅವನ್ನು ಎತ್ತಿಕೊಂಡು ಹೋದರು. 1995ರಲ್ಲಿ ಕೋಪನ್‌ಹೇಗನ್ ನಗರ ನಾಣ್ಯ ಹಾಕಿ ಸೈಕಲ್ ಬಿಡಿಸಿಕೊಳ್ಳುವ ಏರ್ಪಾಡು ಮಾಡಿತು. ನಾಣ್ಯ ಹಾಕಿದವರು ಯಾರೆಂದು ಮಾತ್ರ ಯಾರಿಗೂ ತಿಳಿಯುತ್ತಿರಲಿಲ್ಲ, ಕಳವು ನಿಲ್ಲಲಿಲ್ಲ. ಮರುವರ್ಷ ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಮ್ಯಾಗ್ನೆಟಿಕ್ ಕಾರ್ಡ್ ಕೊಟ್ಟಿತು. ಸೈಕಲ್ ಯಾರ ಕೈಯಲ್ಲಿದೆ ಎಂಬುದು ದಾಖಲಾಗತೊಡಗಿದ್ದು ಹೀಗೆ.

ಕರ್ನಾಟಕದಲ್ಲಿ ಈ ದಾರಿ ಹಿಡಿದದ್ದು ಮೈಸೂರು. 2017ರ ಜೂನ್‌ನಲ್ಲಿ ಅಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಯೋಜನೆಯಲ್ಲಿ 450 ಸೈಕಲ್ಲುಗಳು, 48 ನಿಲ್ದಾಣಗಳು ಇದ್ದವು. ಸದಸ್ಯರು ಸ್ಮಾರ್ಟ್‌ಕಾರ್ಡ್ ತೋರಿಸಿದರೆ ನಿಲ್ದಾಣದ ಕೊಂಡಿ ಬಿಚ್ಚಿಕೊಳ್ಳುತ್ತಿತ್ತು. ಯಾವ ಸೈಕಲ್, ಯಾವ ನಿಲ್ದಾಣದಿಂದ, ಯಾರ ಹೆಸರಿನಲ್ಲಿ ಹೊರಟಿತು ಎಂಬುದು ಕಂಪ್ಯೂಟರಿಗೆ ಗೊತ್ತಿರುತ್ತಿತ್ತು. ಆದರೆ ಎಚ್ಚರವಿದ್ದದ್ದು ನಿಲ್ದಾಣಕ್ಕೆ. ಕೊಂಡಿಯಿಂದ ಹೊರಬಂದ ಸೈಕಲ್ ಯಾವ ಬೀದಿಯಲ್ಲಿದೆ ಎಂದು ಕಾರ್ಡ್ ಹೇಳಲಾರದು.

ಆ ಎಚ್ಚರ ಸೈಕಲ್ಲಿಗೇ ಬಂದದ್ದು ಬೀಗದ ಮೂಲಕ. 2016ರಲ್ಲಿ ಶಾಂಘೈಯಲ್ಲಿ ಬೀದಿಗಿಳಿದ ‘ಮೊಬೈಕ್’ ಸೈಕಲ್ಲುಗಳ ಹಿಂಬದಿ ಬೀಗದೊಳಗೆ ಜಿಪಿಎಸ್ ಮತ್ತು ಸಿಮ್ ಇದ್ದವು. ಅದೇ ಕಾಲದ ‘ಒಫೊ’ ಕಂಪನಿ ಮೊದಮೊದಲು ನಂಬರ್ ತಿರುಗಿಸಿ ತೆಗೆಯುವ ಸಾದಾ ಬೀಗವನ್ನೇ ನೆಚ್ಚಿಕೊಂಡಿತ್ತು. ಒಮ್ಮೆ ನಂಬರ್ ತಿಳಿದವರು ಆ ಸೈಕಲ್ಲನ್ನು ಮತ್ತೆ ಮತ್ತೆ ಪುಕ್ಕಟೆ ಓಡಿಸಬಹುದಿತ್ತು. 2017ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಯುಲು’ ಆರಂಭದಿಂದಲೇ ಮೊಬೈಲ್ ಆ್ಯಪ್‌ನಿಂದ ತೆರೆಯುವ ಬೀಗ ಬಳಸಿತು.

ಕಂಪನಿಗಳ ಸೈಕಲ್ಲಿಗೆ ಒದಗಿದ ಈ ಕಾವಲು ಬಡವರ ಸೈಕಲ್ಲಿಗೆ ಬರುವುದು ಹೇಗೆ? ಪ್ರಶ್ನೆ ಶಿವಮೊಗ್ಗ ಜಿಲ್ಲೆಗೆ ಹತ್ತಿರದ್ದು. ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡುತ್ತಿದ್ದ ಸರ್ಕಾರಿ ಯೋಜನೆ ಆರಂಭವಾದದ್ದು 2006–07ರಲ್ಲಿ, ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪ ಹಣಕಾಸು ಖಾತೆ ಹೊತ್ತಿದ್ದಾಗ. ಒಂದು ಶಾಲೆಗೆ ಬಂದ ಸೈಕಲ್ಲುಗಳೆಲ್ಲ ಹೆಚ್ಚುಕಡಿಮೆ ಒಂದೇ ಬಣ್ಣ, ಒಂದೇ ಆಕಾರ. ಕಳುವಾದರೆ ಇದೇ ನಮ್ಮದು ಎಂದು ತೋರಿಸುವುದೇ ಕಷ್ಟ.

ಮಾರುಕಟ್ಟೆಯ ಉಪಕರಣಗಳಿಗೆ ಅವುಗಳದೇ ಮಿತಿಯಿದೆ. ಜಿಪಿಎಸ್–ಸಿಮ್ ಇರುವ ಟ್ರ್ಯಾಕರ್‌ಗೆ ಆಗಾಗ ಚಾರ್ಜ್ ಬೇಕು, ರೀಚಾರ್ಜ್ ಬೇಕು. ಆ್ಯಪಲ್ ಕಂಪನಿಯ ಏರ್‌ಟ್ಯಾಗ್ 2021ರಲ್ಲಿ ಬಂದಾಗ ಭಾರತದಲ್ಲಿ ಅದರ ಬೆಲೆ 3,190 ರೂಪಾಯಿ. ಹಳ್ಳಿಯ ಎಷ್ಟೋ ಸೈಕಲ್ಲುಗಳೇ ಅಷ್ಟು ಬೆಲೆ ಬಾಳವು. ಅದು ತಾನೆಲ್ಲಿದ್ದೇನೆ ಎಂದು ತಿಳಿಸುವುದು ಅಕ್ಕಪಕ್ಕ ಹಾದುಹೋಗುವ ಐಫೋನ್‌ಗಳ ಮೂಲಕ. ತೋಟದ ದಾರಿಯಲ್ಲಿ ಅಂಥ ಫೋನುಗಳು ಎಷ್ಟು ಹಾಯ್ದಾವು?

ಇನ್ನೊಂದು ದಾರಿಯನ್ನು ತೋರಿಸಿದ್ದೂ ಆಮ್‌ಸ್ಟರ್‌ಡ್ಯಾಮೇ. ಬಿಳಿ ಸೈಕಲ್ಲುಗಳ ಪ್ರಯೋಗ ನಡೆದು ಅರ್ಧ ಶತಮಾನದ ಬಳಿಕ, 2015ರಲ್ಲಿ ‘ದ ಥಿಂಗ್ಸ್ ನೆಟ್‌ವರ್ಕ್’ ಎಂಬ ಗುಂಪು ರೇಡಿಯೊ ಸಂದೇಶ ಹಿಡಿದು ಇಂಟರ್ನೆಟ್ಟಿಗೆ ದಾಟಿಸುವ ಸುಮಾರು ಹತ್ತು ಗೇಟ್‌ವೇಗಳನ್ನು ಎತ್ತರದ ಕಟ್ಟಡಗಳ ಮೇಲಿಟ್ಟು, ಆರು ವಾರಗಳಲ್ಲಿ ನಗರಕ್ಕೆಲ್ಲ ‘ಲೋರಾ’ ಜಾಲ ಹರಡಿತು. ಲೋರಾ ಎಂದರೆ ಅತಿ ಕಡಿಮೆ ವಿದ್ಯುತ್ತಿನಲ್ಲಿ ಪುಟ್ಟ ಸಂದೇಶವನ್ನು ಕಿಲೋಮೀಟರ್‌ಗಟ್ಟಲೆ ದೂರ ಕಳಿಸುವ ರೇಡಿಯೊ ತಂತ್ರ. ಸೈಕಲ್ಲಿಗೆ ಇದನ್ನು ಅಳವಡಿಸಿದರೆ, ಸೀಟಿನ ಕೆಳಗೆ ಅಡಗಿಸಿದ ಚಲನೆಯ ಸೆನ್ಸರ್ ಸೈಕಲ್ ನಿಂತಿರುವಾಗ ನಿದ್ರಿಸುತ್ತದೆ. ಯಾರಾದರೂ ಅಲುಗಾಡಿಸಿದರೆ ಎಚ್ಚೆತ್ತು ತನ್ನ ನಂಬರನ್ನು ಗೇಟ್‌ವೇಗೆ ಕಳಿಸುತ್ತದೆ. ಅಲ್ಲಿಂದ ಮಾಲೀಕರ ಫೋನಿಗೆ ಸಂದೇಶ. ಸಿಮ್ ಬೇಡ, ದಿನದಿನದ ಚಾರ್ಜ್ ಬೇಡ. ಭಾರತದಲ್ಲಿ 865–868 ಮೆಗಾಹರ್ಟ್ಸ್ ಪಟ್ಟಿಯನ್ನು ಇಂಥ ಅಲ್ಪಶಕ್ತಿಯ ಉಪಕರಣಗಳಿಗೆ ತರಂಗಾಂತರ ಪರವಾನಗಿಯಿಂದ ಮುಕ್ತವಾಗಿರಿಸಲಾಗಿದೆ. ಮಲೆನಾಡಿನ ಗುಡ್ಡ, ದಟ್ಟ ಮರಗಳು ಸಂದೇಶದ ದೂರವನ್ನು ತಗ್ಗಿಸುತ್ತವೆ, ನಿಜ. ಆದರೆ ಎತ್ತರದ ನೀರಿನ ಟ್ಯಾಂಕಿನ ಮೇಲೊಂದು ಗೇಟ್‌ವೇ ಇಟ್ಟರೆ ಒಂದು ಊರಿನ ಶಾಲೆ, ಬಸ್ ನಿಲ್ದಾಣ, ಅಂಗಡಿ ಸಾಲು ಅದರ ತೆಕ್ಕೆಗೆ ಬರಬಹುದು.

ಇದನ್ನು ಊರೇ ಸೇರಿ ಮಾಡಬೇಕು ಎನ್ನಲು ಗಟ್ಟಿ ಕಾರಣವಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೆಲವು ಸೈಕಲ್ ನಿಲ್ದಾಣಗಳಲ್ಲಿ ದಿಟ್ಟಿಸುವ ಕಣ್ಣುಗಳ ಚಿತ್ರವಿದ್ದ ಎಚ್ಚರಿಕೆ ಫಲಕ ಹಾಕಿದರು. ಅಲ್ಲಿ ಕಳವು ಶೇ 62ರಷ್ಟು ಇಳಿಯಿತು. ಫಲಕವಿಲ್ಲದ ಕಡೆ ಶೇ 65ರಷ್ಟು ಏರಿತು! ಒಂದು ಕಡೆ ಕಾವಲಿಟ್ಟರೆ ಕಳ್ಳರು ಪಕ್ಕಕ್ಕೆ ಸರಿಯುತ್ತಾರೆ. ಹಣವಿದ್ದ ನಾಲ್ವರು ಸೆನ್ಸರ್ ಹಾಕಿಸಿಕೊಂಡರೆ ಐದನೆಯವರ ಸೈಕಲ್ ಹೋಗುತ್ತದೆ.

ಸೆನ್ಸರ್ ಕೂಗಿದಾಗ ಓಡಿಬರುವವರೂ ಇರಬೇಕು. ನಿಲ್ದಾಣದ ಅಂಗಡಿಯವರು, ಆಟೋ ಚಾಲಕರು, ಶಾಲೆಯ ಸಿಬ್ಬಂದಿ ಒಂದು ಮೊಬೈಲ್ ಗುಂಪಿನಲ್ಲಿದ್ದರೆ ಹಳೆಯ ಸ್ಟ್ಯಾಂಡಿನ ಕಾವಲುಗಾರನ ಕೆಲಸ ಹಲವರ ಪಾಲಿಗೆ ಹಂಚಿಹೋಗುತ್ತದೆ. ಎಚ್ಚರಿಕೆಯೂ ಬೇಕು: ಸೈಕಲ್ ಎಲ್ಲಿದೆ ಎಂಬ ಮಾಹಿತಿ ಅದನ್ನು ತುಳಿಯುವ ಹುಡುಗಿ ಎಲ್ಲಿದ್ದಾಳೆ ಎಂಬ ಮಾಹಿತಿಯೂ ಹೌದು. ನಿಂತ ಸೈಕಲ್ ಅಲುಗಾಡಿದ ಸುದ್ದಿ ಸಾಕು; ಓಡಾಟದ ಜಾಡು ಬೇರೆಯವರಿಗೆ ಕಾಣಬಾರದು.

ಗಾಜನೂರಿನಂಥ ಊರುಗಳಲ್ಲಿ ಇದನ್ನು ಆರಂಭಿಸಲು ಶಾಲೆಗಿಂತ ಒಳ್ಳೆಯ ಜಾಗವಿಲ್ಲ. ಗ್ರಾಮ ಪಂಚಾಯಿತಿ ಒಂದು ಗೇಟ್‌ವೇ ಇಡಲು ಮುಂದಾಗಲಿ, ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೆನ್ಸರ್ ಜೋಡಿಸಿ ಪರೀಕ್ಷಿಸಲಿ. ಅಷ್ಟರಲ್ಲಿ ಪ್ರತಿ ಮನೆಯವರೂ ಮಾಡಬಹುದಾದ ಖರ್ಚಿಲ್ಲದ ಕೆಲಸವೊಂದಿದೆ. ಸೈಕಲ್ಲಿನ ಸೀಟಿನ ಕಂಬದ ಬಳಿಯೋ ಪೆಡಲ್ ಅಚ್ಚಿನ ಕೆಳಗೋ ಫ್ರೇಮ್ ನಂಬರ್ ಕೊರೆದಿರುತ್ತದೆ. ಅದನ್ನು ಇಂದೇ ಬರೆದಿಟ್ಟುಕೊಳ್ಳಿ, ಸೈಕಲ್ಲಿನ ಜೊತೆಗೆ ಒಂದು ಫೋಟೊ ತೆಗೆದಿಡಿ, ಮಕ್ಕಳ ಸೈಕಲ್ ನಂಬರನ್ನು ಶಾಲೆಯ ಪುಸ್ತಕದಲ್ಲೂ ಬರೆಸಿ.