ಗಾಳ ಹಾಕುವ ಮುನ್ನ ಕೆರೆ ಯಾರದೆಂದು ಕೇಳಿ

ರಜೆಯಲ್ಲಿ ಗೆಳೆಯರು ಕೂಡಿ ಕೆರೆಯ ದಡದಲ್ಲಿ ಗಾಳ ಹಾಕಿ ಕೂರುವುದು ಒಳ್ಳೆಯ ಹವ್ಯಾಸ. ಆದರೆ ಅಲ್ಲಿನ ಮೀನು ಯಾರ ಸೊತ್ತೂ ಅಲ್ಲ ಎಂಬ ನಂಬಿಕೆ ತಪ್ಪು. ಕಾಟ್ಲಾ, ರೋಹು ಮೀನುಗಳು ಮಳೆಗಾಲದಲ್ಲಿ ಹರಿಯುವ ನದಿಯಲ್ಲಿ ಮೊಟ್ಟೆಯಿಡುತ್ತವೆ. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ಹಾಗಾಗಿ ನಮ್ಮ ಕೆರೆಗಳಲ್ಲಿ ಸಿಗುವ ಈ ಮೀನುಗಳು ಬಹುಪಾಲು ಯಾರೋ ಮರಿ ತಂದು ಬಿತ್ತನೆ ಮಾಡಿ ಬೆಳೆಸಿದವು. ಕೆರೆಯನ್ನು ಗುತ್ತಿಗೆ ಹಿಡಿದ ಮೀನುಗಾರರ ಸಹಕಾರ ಸಂಘಕ್ಕೆ ಆ ಮೀನು ಹೊಲದಲ್ಲಿ ನಿಂತ ಪೈರಿನಷ್ಟೇ ಸ್ವಂತದ್ದು.

ಒಂದೆರಡು ಮೀನಿನಿಂದ ಯಾರಿಗೇನು ನಷ್ಟ ಎನ್ನಬಹುದು. ಒಬ್ಬರ ಮಟ್ಟಿಗೆ ಮಾತು ನಿಜ. ವಾರಾಂತ್ಯಗಳಲ್ಲಿ ದಡದುದ್ದಕ್ಕೂ ಗಾಳಗಳು ಸಾಲುಗಟ್ಟಿದರೆ ನಿಜವಲ್ಲ. ಹಿಡಿದು ಮತ್ತೆ ಬಿಟ್ಟುಬಿಡುತ್ತೇವೆ ಎನ್ನುವವರ ವಾದ ಇನ್ನೂ ಗಟ್ಟಿಯಾದದ್ದು, ಅದರ ಬಗ್ಗೆ ನನಗೆ ಗೌರವವಿದೆ. ಆದರೂ ಒಣಗೈಯಲ್ಲಿ ಹಿಡಿದರೆ ಮೀನಿನ ಮೈಯ ಲೋಳೆ ಕಿತ್ತುಬಂದು ಸೋಂಕಿಗೆ ದಾರಿಯಾಗುತ್ತದೆ. ಕೈ ಒದ್ದೆ ಮಾಡಿಕೊಂಡು, ಕೊಕ್ಕೆ ಮೆಲ್ಲಗೆ ಬಿಡಿಸಿ, ತಡಮಾಡದೆ ನೀರಿಗೆ ಬಿಡಬೇಕು. ಇನ್ನು ತುಂಡಾದ ನೈಲಾನ್ ದಾರವಂತೂ ಕೊಳೆಯುವುದೇ ಇಲ್ಲ. ನೀರುಹಕ್ಕಿಗಳ ಕಾಲಿಗೆ, ಕೊಕ್ಕಿಗೆ ಸುತ್ತಿಕೊಂಡು ಅವುಗಳನ್ನು ಕೊಲ್ಲುತ್ತದೆ. ಆದ್ದರಿಂದ ಮೊದಲು ಊರಿನ ಸಂಘದವರನ್ನೋ ಮೀನುಗಾರಿಕೆ ಇಲಾಖೆಯನ್ನೋ ಕೇಳಿ ಒಪ್ಪಿಗೆ ಪಡೆಯಿರಿ; ಹೊರಡುವಾಗ ದಾರದ ಒಂದು ಎಳೆಯನ್ನೂ ದಡದಲ್ಲಿ ಬಿಡಬೇಡಿ.