ಬೆಳ್ಳಂದೂರು ಕೆರೆಗಿಳಿದ ಯುದ್ಧವಿಮಾನಗಳು

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಕಾದಿದ ರಣರಂಗಗಳೆಂದೊಡನೆ ನಮ್ಮ ಓದುಗರ ನೆನಪಿಗೆ ಬರುವುವು ನಾರ್ಮಂಡಿಯ ಕಡಲತೀರ, ಪೆಸಿಫಿಕ್ ಸಾಗರದ ದ್ವೀಪಗಳು. ಆದರೆ ಆ ದೇಶವು ತನ್ನ ನೆಲದಿಂದ ಅರ್ಧಭೂಮಂಡಲದಾಚೆ ನಡೆಯಿಸಿದ ಚೀನ-ಬರ್ಮಾ-ಭಾರತ ರಣರಂಗದ ಪ್ರಮುಖ ಕಾರ್ಯಾಗಾರವೊಂದು ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿದ್ದಿತೆಂಬುದನ್ನೂ, ಆ ಬೆಂಗಳೂರಿಗೆ ವಿದ್ಯುತ್ತನ್ನು ಒದಗಿಸುತ್ತಿದ್ದುದು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿ ಧುಮುಕುವ ನೀರೆಂಬುದನ್ನೂ ಬಲ್ಲವರು ವಿರಳ. ನಮ್ಮ ಸೀಮೆಯ ಕೊತ್ತತ್ತಿಯಂಥ ಊರುಗಳಲ್ಲಿ ಆ ವರ್ಷಗಳ ಮಾತೆತ್ತಿದರೆ ಹಿರಿಯರ ಬಾಯಲ್ಲಿ ಬರುತ್ತಿದ್ದುದು ಸೀಮೆಎಣ್ಣೆಯ ಅಭಾವ, ರೇಷನ್ನು, ರಂಗೂನಿನ ಅಕ್ಕಿ ನಿಂತುಹೋದುದರಿಂದ ಏರಿದ ಧಾನ್ಯದ ಬೆಲೆ ಇಷ್ಟೇ. ಅದೇ ಯುದ್ಧ ನಮ್ಮ ನದಿಯನ್ನೂ ನಮ್ಮವರ ಕೈಗಳನ್ನೂ ದುಡಿಸಿಕೊಂಡಿತೆಂಬ ಸಂಗತಿ ಮಾತ್ರ ಹೇಳದೆಯೇ ಉಳಿಯಿತು.

ಚೀನದ ಮೇಲೆ ಜಪಾನಿನ ಪೂರ್ಣಪ್ರಮಾಣದ ಆಕ್ರಮಣ ಮೊದಲಾದುದು 1937ರಲ್ಲಿ. ಅಮೆರಿಕವು ಮೊದಲಿಗೆ ಸಾಲ, ಸಾಮಗ್ರಿಗಳ ನೆರವಿಗಷ್ಟೇ ನಿಂತಿದ್ದು, ಶೆನಾಲ್ಟ್ ಎಂಬ ನಿವೃತ್ತ ವಿಮಾನಾಧಿಕಾರಿಯ ಕೈಕೆಳಗೆ ಸ್ವಯಂಸೇವಕ ಚಾಲಕರ ಪಡೆಯೊಂದು ಕೂಡುವುದಕ್ಕೆ ಸಮ್ಮತಿಸಿ, 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ದಾಳಿಯಾದ ಮೇಲೆ ತಾನೇ ಯುದ್ಧಕ್ಕಿಳಿಯಿತು. 1942ರ ಮಾರ್ಚಿನಲ್ಲಿ ಬಂದ ಅಮೆರಿಕದ ಸೇನಾನಿ ಜನರಲ್ ಸ್ಟಿಲ್ವೆಲ್, ಮೇ ತಿಂಗಳ ಹೊತ್ತಿಗೆ ಬರ್ಮಾ ಜಪಾನೀಯರ ವಶವಾಗಲು, ಒಂದು ಸಣ್ಣ ತಂಡದೊಡನೆ ಕಾಡುಮಲೆಗಳನ್ನು ಕಾಲ್ನಡಿಗೆಯಲ್ಲಿ ದಾಟಿ ಇಂಫಾಲವನ್ನು ಸೇರಬೇಕಾಯಿತು. ಬರ್ಮಾದ ರಸ್ತೆ ಮುಚ್ಚಿದುದರಿಂದ ಚೀನಕ್ಕೆ ಉಳಿದ ದಾರಿ ಆಕಾಶವೊಂದೇ. ಅಸ್ಸಾಮಿನಿಂದ ಹೊರಟು ಹಿಮಾಲಯದ ಪೂರ್ವದ ಕೊನೆಯ ಶಿಖರಗಳ ಮೇಲೆ ಹಾರಿ ಕುನ್ಮಿಂಗಿಗೆ ಇಳಿಯುವ ಆ ಮಾರ್ಗವನ್ನು ಚಾಲಕರು ‘ಹಂಪ್’ ಎಂದು ಕರೆಯುತ್ತಿದ್ದರು. ಯುದ್ಧ ಮುಗಿಯುವುದರೊಳಗೆ ಅದರ ಮೂಲಕ ಸುಮಾರು 6,50,000 ಟನ್ ಸರಕು ಸಾಗಿತು. ನೂರಾರು ವಿಮಾನಗಳು ಆ ಮಂಜಿನಲ್ಲಿ ಮುರಿದುಬಿದ್ದುವು. ಬೀಳದೆ ಮರಳಿದುವುಗಳ ಎಂಜಿನ್ನುಗಳೂ ಸವೆದುಹೋಗುತ್ತಿದ್ದುವು. ಅವುಗಳನ್ನು ಬಿಚ್ಚಿ ಸರಿಪಡಿಸುವುದಕ್ಕೆ ಶತ್ರುವಿನ ಬಾಂಬು ತಲುಪದ ಸ್ಥಳವೊಂದು ಬೇಕಾಗಿದ್ದಿತು. ವಿಶಾಖಪಟ್ಟಣದ ಮೇಲೆಯೂ ಕಲ್ಕತ್ತೆಯ ಮೇಲೆಯೂ 1942ರಲ್ಲಿ ಬಾಂಬು ಬಿದ್ದಿರಲು, ದಖನ್ನಿನ ಒಳನಾಡಿನ ಬೆಂಗಳೂರು ಅಮೆರಿಕನ್ನರ ಕಣ್ಣಿಗೆ ಬಿದ್ದುದು ಸಹಜವೇ.

ಆದರೆ ಬೆಂಗಳೂರಿನಲ್ಲಿ ಅವರಿಗೆ ದೊರೆತ ವಿಮಾನ ಕಾರ್ಖಾನೆ ಹುಟ್ಟಿದುದು ಪರರ ವಿಮಾನಗಳ ದುರಸ್ತಿಗೆಂದಲ್ಲ. ವಾಲ್‌ಚಂದ್ ಹೀರಾಚಂದ್ ಎಂಬ ಸಾಹಸಿ ಉದ್ಯಮಿಯು ವಿಲಿಯಂ ಪಾಲೆ ಎಂಬ ಅಮೆರಿಕನ್ನನ ಸಹಾಯದಿಂದ ಭಾರತದಲ್ಲಿಯೇ ವಿಮಾನವನ್ನು ನಿರ್ಮಿಸಬೇಕೆಂದು ಸಂಕಲ್ಪಿಸಿದಾಗ, ದಿವಾನ್ ಮಿರ್ಜಾ ಇಸ್ಮಾಯಿಲರ ಮೈಸೂರು ಸರಕಾರ ನೆಲವನ್ನೂ ಬಂಡವಾಳವನ್ನೂ ನೀಡಿ ಪಾಲುದಾರನಾಯಿತು. 1940ರ ಡಿಸೆಂಬರ್ 23ರಂದು ಹಿಂದುಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ನೋಂದಣಿಯಾಯಿತು. 1941ರಲ್ಲಿ ಹಾರ್ಲೋ ತರಬೇತಿ ವಿಮಾನ, 1942ರ ಜುಲೈಯಲ್ಲಿ ಕರ್ಟಿಸ್ ಹಾಕ್ ಯುದ್ಧವಿಮಾನ ಅಲ್ಲಿ ಜೋಡಣೆಗೊಂಡು ಹಾರಿದುವು. ಅಷ್ಟರಲ್ಲಿ, ಜಪಾನೀಯರು ಬಂಗಾಳಕೊಲ್ಲಿಗೆ ಬಂದ 1942ರ ಏಪ್ರಿಲಿನಲ್ಲಿಯೇ, ಬ್ರಿಟಿಷ್ ಭಾರತ ಸರಕಾರ ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನು ಕೈಗೆ ತೆಗೆದುಕೊಂಡಿದ್ದಿತು. 1943ರ ಸೆಪ್ಟೆಂಬರಿನಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನಾ ವಿಮಾನದಳಕ್ಕೆ ಒಪ್ಪಿಸಿತು. ಅಮೆರಿಕದ 84ನೆಯ ಏರ್ ಡಿಪೋ ಎಂಬ ಹೆಸರಿನಿಂದ ಕಾರ್ಖಾನೆ ನಡೆದ ಆ ಕಾಲದಲ್ಲಿ ಹೊಸ ವಿಮಾನಗಳ ನಿರ್ಮಾಣ ಸಂಪೂರ್ಣವಾಗಿ ನಿಂತುಹೋಯಿತು. ನಾನು ಇದನ್ನು ಅನ್ಯಾಯವೆಂದೇ ಎಣಿಸುತ್ತೇನೆ. ಯುದ್ಧದ ಒತ್ತಡ ಎಷ್ಟೇ ನಿಜವಾಗಿದ್ದರೂ, ಒಂದು ಜನಾಂಗ ತನ್ನ ಕೈಯಿಂದಲೇ ವಿಮಾನವನ್ನು ಕಟ್ಟಲು ತೊಡಗಿದ ವೇಳೆಯಲ್ಲಿ, ಅದರ ಮಾತನ್ನು ಕೇಳದೆಯೇ ಆ ಕೆಲಸವನ್ನು ನಿಲ್ಲಿಸಲಾಯಿತು.

ಹೀಗಿದ್ದರೂ ದುರಸ್ತಿಯ ಆ ದಿನಗಳು ಕಲಿಸಿದ ವಿದ್ಯೆ ಅಲ್ಪವಾದುದಲ್ಲ. ಕ್ಯಾಟಲಿನಾ ಎಂಬ ದೋಣಿಯಾಕಾರದ ಕಡಲವಿಮಾನಗಳು ಕಾರ್ಖಾನೆಯ ಸಮೀಪದ ಬೆಳ್ಳಂದೂರು ಕೆರೆಯ ನೀರಿಗೆ ಇಳಿದು, ಕೆಲಸ ಮುಗಿದ ಮೇಲೆ ಅದೇ ನೀರಿನ ಮೇಲೆ ಓಡಿ ಏಳುತ್ತಿದ್ದುವು. ಗದ್ದೆಗೆ ತೂಬು ಬಿಡುವುದಕ್ಕೆಂದು ಕಟ್ಟಿಸಿದ ಕೆರೆಯೊಂದು ಹೀಗೆ ವಿಮಾನ ನಿಲ್ದಾಣವಾಯಿತು. ಒಳಗೆ ಬೆಂಚುಗಳ ಮುಂದೆ ನಮ್ಮವರು ಅಮೆರಿಕದ ಎಂಜಿನ್ನುಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ತೊಳೆದು, ಸವೆದ ಭಾಗಗಳನ್ನು ಅಳೆದು ಬದಲಿಸಿ, ಮತ್ತೆ ಜೋಡಿಸಿ ಓಡಿಸಿ ನೋಡುತ್ತಿದ್ದರು. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರ ಡಿಸೆಂಬರಿನಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆದುದೂ ಈ ಸನ್ನಿವೇಶದಲ್ಲಿಯೇ.

ಈ ಕಾರ್ಖಾನೆಯಿದ್ದ ನಗರಕ್ಕೆ ವಿದ್ಯುತ್ತು ಬರುತ್ತಿದ್ದುದು ಶಿವನಸಮುದ್ರದ ಬ್ಲಫ್ ಎಂಬ ಜಲವಿದ್ಯುತ್ ಕೇಂದ್ರದಿಂದ, ಮತ್ತು 1940ರಲ್ಲಿ ಆರಂಭವಾದ ಶಿಂಷಾ ಕೇಂದ್ರದಿಂದ. ಎರಡೂ ಮಳವಳ್ಳಿ ಸೀಮೆಯವು. 1902ರಲ್ಲಿ ಬ್ಲಫಿನ ವಿದ್ಯುದ್ಯಂತ್ರಗಳನ್ನು ಒದಗಿಸಿದುದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯೇ ಎಂಬುದನ್ನು ನೆನೆದರೆ, ಕಾವೇರಿಯ ದಂಡೆಗೂ ಆ ದೂರದೇಶಕ್ಕೂ ಸಂಬಂಧ ಯುದ್ಧಕ್ಕಿಂತ ನಾಲ್ಕು ದಶಕಗಳಷ್ಟು ಹಳೆಯದೆಂಬುದು ತಿಳಿಯುತ್ತದೆ. ಮೊದಲು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ದೀಪಗಳಿಗೆ ಹೋದ ತಂತಿಗಳೇ ಮುಂದೆ ಈ ಯುದ್ಧಕ್ಕೂ ಒದಗಿದುವು.

ಅತ್ತ ರಣರಂಗದಲ್ಲಿ, ಉತ್ತರ ಬರ್ಮಾದ ಮಿಟ್ಕೀನಾ ಪಟ್ಟಣ 1944ರ ಆಗಸ್ಟಿನಲ್ಲಿ ಅಮೆರಿಕನ್ನರ, ಚೀನೀಯರ ವಶವಾಯಿತು. ಚೀನದ ನಾಯಕ ಚಿಯಾಂಗ್ ಕೈ-ಶೆಕ್ಕನೊಡನೆ ವೈಮನಸ್ಯ ಬಲಿತು ಅಕ್ಟೋಬರಿನಲ್ಲಿ ಸ್ಟಿಲ್ವೆಲ್ ಹಿಂದಕ್ಕೆ ಕರೆಯಿಸಲ್ಪಟ್ಟನು. ಅಸ್ಸಾಮಿನಿಂದ ಬರ್ಮಾದ ಮೂಲಕ ಚೀನಕ್ಕೆ ಅವನು ಹಟಹಿಡಿದು ಕಡಿಯಿಸಿದ ಲೇಡೋ ರಸ್ತೆ 1945ರ ಜನವರಿಯಲ್ಲಿ ತೆರೆಯಿತು. ಆಗಸ್ಟಿನಲ್ಲಿ ಯುದ್ಧ ಮುಗಿಯಿತು, ಅಮೆರಿಕನ್ನರು ಹೊರಟರು, ಕಾರ್ಖಾನೆ ಮರಳಿ ನಮ್ಮವರಿಗೆ ದಕ್ಕಿತು.

ಕಲಿತ ವಿದ್ಯೆಗೆ ಪರೀಕ್ಷೆ ಒದಗಿದುದು ಅನಂತರ. ಅಮೆರಿಕದಲ್ಲಿ ತಯಾರಾಗಿ ಬ್ರಿಟಿಷ್ ವಿಮಾನದಳಕ್ಕೆ ಎರವಲಾಗಿ ಬಂದಿದ್ದ ಲಿಬರೇಟರ್ ಬಾಂಬರುಗಳನ್ನು ಯಾರೂ ಮತ್ತೆ ಹಾರಿಸಬಾರದೆಂದು ಕಾನ್ಪುರದಲ್ಲಿ ಬ್ರಿಟಿಷರು ಉಪಕರಣಗಳನ್ನು ಒಡೆದು, ಎಂಜಿನ್ನುಗಳಿಗೆ ಮರಳು ಸುರಿದು ಬಿಟ್ಟುಹೋಗಿದ್ದರು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರುಗಳು ಬೇಕಾದಾಗ ಬೆಂಗಳೂರಿನ ಕುಶಲಕರ್ಮಿಗಳು ಅಲ್ಲಿಗೆ ಹೋಗಿ, ಒಂದರ ಭಾಗವನ್ನು ಇನ್ನೊಂದಕ್ಕೆ ಕೂಡಿಸಿ, ಹಾರುವಷ್ಟರ ಮಟ್ಟಿಗೆ ಅವುಗಳನ್ನು ಸರಿಪಡಿಸಿದರು. ಸಂಸ್ಥೆಯ ಚಾಲಕ ಜಮ್‌ಷೆಡ್ ಮುನ್ಷಿ ಆ ಅರೆಜೀವದ ಯಂತ್ರಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅವರ ಧೈರ್ಯಕ್ಕೆ ಸಲ್ಲಬೇಕಾದ ಕೀರ್ತಿ ತಕ್ಕಮಟ್ಟಿಗೆ ಸಂದಿದೆ. ಆ ವಿಮಾನಗಳ ಮೊಳೆ ಮೊಳೆಯನ್ನೂ ನೋಡಿ ಬಿಗಿದವರ ಹೆಸರನ್ನು ಮಾತ್ರ ಯಾವ ಯುದ್ಧಚರಿತ್ರೆಯೂ ಹೇಳುವುದಿಲ್ಲ. 1948ರ ನವೆಂಬರಿನಲ್ಲಿ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಈ ವಿಮಾನಗಳಿಂದಲೇ ರೂಪುಗೊಂಡಿತು. 1968ರ ವರೆಗೂ ಅವು ಸೇವೆಯಲ್ಲಿದ್ದುವು. ಮರುವರ್ಷ ಅವುಗಳಲ್ಲೊಂದನ್ನು ಭಾರತ ಸರಕಾರ ಅಮೆರಿಕದ ಅರಿಜೋನಾ ಪ್ರಾಂತದ ಪೀಮಾ ವಿಮಾನ ಸಂಗ್ರಹಾಲಯಕ್ಕೆ ದಾನವಾಗಿತ್ತಿತು. ಅದನ್ನು ಹಡಗಿನಲ್ಲಿ ಹೇರಿ ಕಳುಹಿಸಬೇಕಾಗಲಿಲ್ಲ, ಹಾರಿಸಿಕೊಂಡೇ ಒಯ್ದರು.